ಹೂಗ್ಲಿಯ ಹಾಜಿ ಮುಹಮ್ಮದ್ ಮೊಹ್ಸಿನ್

ಜೂನ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳ ಆಫೀಸಿನ ಮುಂದೆ ಆದಾಯ ಪ್ರಮಾಣಪತ್ರ ಕೈಯಲ್ಲಿ ಹಿಡಿದು ನಿಂತ ತಾಯಂದಿರನ್ನು ನೀವು ನೋಡಿರುತ್ತೀರಿ. ಆಗೆಲ್ಲ ನನಗೆ ನೆನಪಾಗುವವರು ಬಂಗಾಳದ ಹಾಜಿ ಮುಹಮ್ಮದ್ ಮೊಹ್ಸಿನ್. ಸರ್ ಸಯ್ಯದ್ ಅಹ್ಮದ್ ಖಾನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಸರ್ ಸಯ್ಯದರು ಹುಟ್ಟುವ ಐದು ವರ್ಷ ಮೊದಲೇ ತೀರಿಕೊಂಡ ಈ ಮಹನೀಯರು ಬಂಗಾಳದಲ್ಲಿ ಮನೆಮಾತಾಗಿದ್ದರೂ ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ.

ಮೊಹ್ಸಿನ್ ಸಾಹೇಬರು 1732ರಲ್ಲಿ ಹೂಗ್ಲಿಯಲ್ಲಿ ಹುಟ್ಟಿದರು. ಇರಾನಿನಿಂದ ಬಂದು ನೆಲೆಸಿದ ಮನೆತನ ಅವರದು. ಮುರ್ಷಿದಾಬಾದಿನಲ್ಲಿ ಓದಿ, ಅರಬ್, ಇರಾನ್ ದೇಶಗಳನ್ನು ವರ್ಷಗಟ್ಟಲೆ ಸುತ್ತಿ, ಹಜ್ ಪೂರೈಸಿ ಬಂದರು. ಮದುವೆಯಾಗಲಿಲ್ಲ. ಅಕ್ಷರ ಬಹಳ ಸುಂದರ. ಕುರ್‌ಆನನ್ನು ಸ್ವತಃ ಕೈಯಿಂದ ಬರೆದು ಪ್ರತಿ ಮಾಡುತ್ತಿದ್ದರು.

ಅವರ ತಾಯಿಗೆ ಮೊದಲ ಮದುವೆಯಿಂದ ಮುನ್ನೂಜಾನ್ ಎಂಬ ಮಗಳಿದ್ದಳು. ಜೆಸ್ಸೋರಿನ ಸೈಯದ್‌ಪುರದ ದೊಡ್ಡ ಜಮೀನ್ದಾರಿ ಆಕೆಯದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆ ಆಪಾ 1803ರಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ತಮ್ಮನ ಪಾಲಾಯಿತು. ಎಪ್ಪತ್ತು ದಾಟಿದ ಒಂಟಿ ಮನುಷ್ಯನಿಗೆ ಅಷ್ಟೊಂದು ಆಸ್ತಿ ಏಕೆ ಬೇಕು? 1806ರಲ್ಲಿ ಅದನ್ನೆಲ್ಲ ವಕ್ಫ್ ಮಾಡಿಬಿಟ್ಟರು. ಆದಾಯವನ್ನು ಒಂಬತ್ತು ಪಾಲು ಮಾಡಿ ಮೂರನ್ನು ಇಮಾಂಬಾಡಾ ಮತ್ತು ಧಾರ್ಮಿಕ ಕಾರ್ಯಗಳಿಗೆ, ನಾಲ್ಕನ್ನು ಸಂಬಳ, ಪಿಂಚಣಿ, ದಾನಗಳಿಗೆ, ಎರಡನ್ನು ಇಬ್ಬರು ಮುತವಲ್ಲಿಗಳಿಗೆ ಬರೆದರು. 1812ರ ನವೆಂಬರಿನಲ್ಲಿ ಇಹಲೋಕ ತ್ಯಜಿಸಿದರು.

ಓದುಗರೇ, ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ದಾನಿಯ ಕಥೆಯಷ್ಟೇ ಆಗುತ್ತಿತ್ತು. ಸಾಹೇಬರು ಕಣ್ಣು ಮುಚ್ಚಿದ ಮೇಲೆ ಮುತವಲ್ಲಿಗಳ ಮೇಲೆ ಹಣ ದುರುಪಯೋಗದ ಆರೋಪ ಬಂತು. ಸರ್ಕಾರ ಅವರನ್ನು ತೆಗೆದು ಆಡಳಿತವನ್ನು ತಾನೇ ವಹಿಸಿಕೊಂಡಿತು. ವ್ಯಾಜ್ಯ ನಡೆದಷ್ಟೂ ಕಾಲ ಹಣ ಕೂಡುತ್ತಾ ಹೋಯಿತು. ಆ ಹಣದಿಂದ 1836ರ ಆಗಸ್ಟ್ 1ರಂದು ಚಿನ್ಸುರಾದಲ್ಲಿ ಹೂಗ್ಲಿ ಕಾಲೇಜು ಪ್ರಾರಂಭವಾಯಿತು. ಎಲ್ಲ ಜಾತಿ ಧರ್ಮದವರಿಗೂ ಬಾಗಿಲು ತೆರೆದಿತ್ತು. ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಓದಿದ್ದು ಅಲ್ಲೇ, ಮುಂದೆ ಹೈಕೋರ್ಟ್ ನ್ಯಾಯಾಧೀಶರಾದ ಸೈಯದ್ ಅಮೀರ್ ಅಲಿಯವರೂ ಅಲ್ಲಿಯ ವಿದ್ಯಾರ್ಥಿಯೇ. ಅದು ಸಂತೋಷದ ಮಾತೇ. ಆದರೆ ಮೊಹ್ಸಿನ್‌ರ ಹಣದಲ್ಲಿ ನಡೆದ ಆ ಕಾಲೇಜಿನಲ್ಲಿ ಮುಸ್ಲಿಂ ಹುಡುಗರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಬಾಗಿಲು ತೆರೆದಿದ್ದರೆ ಸಾಕೇ? ಹಳ್ಳಿಯ ಬಡ ರೈತನ ಮಗ ಅಲ್ಲಿಯವರೆಗೆ ಬರಬೇಕಾದರೆ ಮೊದಲು ಕೆಳಗಿನ ಶಾಲೆಯ ಶುಲ್ಕ ಕಟ್ಟಬೇಕು, ಊರು ಬಿಟ್ಟು ಬಂದರೆ ಊಟ ವಸತಿ ಬೇಕು. ತರಗತಿಯಲ್ಲಿ ನಿಂತು ಪಾಠ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಲ್ಕತ್ತೆಯ ನವಾಬ್ ಅಬ್ದುಲ್ ಲತೀಫರು ಈ ಹಣದ ವಿಷಯವಾಗಿ ಬಿಡದೆ ಸರ್ಕಾರದ ಗಮನ ಸೆಳೆದರು. 1871ರಲ್ಲಿ ಬ್ರಿಟಿಷ್ ಅಧಿಕಾರಿ ಹಂಟರ್ ಸಹ ತಮ್ಮ ಪುಸ್ತಕದಲ್ಲಿ ಇದನ್ನು ಎತ್ತಿ ಬರೆದರು. ಕೊನೆಗೆ 1873ರಲ್ಲಿ ಸರ್ಕಾರ ಮಣಿಯಿತು. ಹೂಗ್ಲಿ ಕಾಲೇಜಿನ ಖರ್ಚನ್ನು ತಾನು ವಹಿಸಿಕೊಂಡು ಮೊಹ್ಸಿನ್ ನಿಧಿಯನ್ನು ಮುಸ್ಲಿಂ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿತು. 1874ರಲ್ಲಿ ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದ್ರಸಾಗಳು ತೆರೆದವು. ವಿದ್ಯಾರ್ಥಿವೇತನಗಳು ಬಂದವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದೆಂದರೆ, ಸರ್ಕಾರಿ ಶಾಲಾ ಕಾಲೇಜುಗಳಲ್ಲಿ ಓದುವ ಮುಸ್ಲಿಂ ಹುಡುಗರ ಶುಲ್ಕದಲ್ಲಿ ಮೂರನೇ ಎರಡು ಭಾಗವನ್ನು ಈ ನಿಧಿಯೇ ಭರಿಸತೊಡಗಿದ್ದು. ಮೂರು ರೂಪಾಯಿ ಶುಲ್ಕವಿದ್ದಲ್ಲಿ ತಂದೆ ಒಂದು ರೂಪಾಯಿ ಹೊಂದಿಸಿದರೆ ಸಾಕು. ಆ ಒಂದು ರೂಪಾಯಿಯೂ ಹುಟ್ಟದ ಮನೆಗಳು ಇದ್ದೇ ಇದ್ದವು, ಅದು ಬೇರೆ ಮಾತು.

ದಾನಪತ್ರಕ್ಕೆ ಸಹಿ ಬಿದ್ದು ಆಗಲೇ 67 ವರ್ಷ ಕಳೆದಿತ್ತು. ಅಷ್ಟರಲ್ಲಿ ಓದಬಹುದಾಗಿದ್ದ ಎರಡು ಮೂರು ತಲೆಮಾರಿನ ಮಕ್ಕಳು ಹೊಲದಲ್ಲಿ, ನಾವೆಯಲ್ಲಿ ದುಡಿದು ಮುದುಕರಾಗಿದ್ದರು.

ಕಾಲೇಜಿಗೆ ಮುಂದೆ ಹೂಗ್ಲಿ ಮೊಹ್ಸಿನ್ ಕಾಲೇಜು ಎಂದೇ ಹೆಸರಾಯಿತು. ಢಾಕಾ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿನಿಲಯಕ್ಕೂ ಅವರದೇ ಹೆಸರು. ಅವರ ಸಮಾಧಿ ಹೂಗ್ಲಿಯಲ್ಲೇ ಇದೆ, ಅವರ ವಕ್ಫ್ ಹಣದಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಇಮಾಂಬಾಡಾದ ಹತ್ತಿರ.