ಅಡಿಕೆಯ ಕೊಳೆರೋಗಕ್ಕೆ ಮದ್ದು ತೋರಿಸಿದ ಡಾ. ಕೋಲ್ಮನ್



ಆಟಿ ತಿಂಗಳ ಜಡಿಮಳೆಯಲ್ಲಿ ತೋಟಕ್ಕೆ ಇಳಿದಾಗ ಮರದ ಬುಡದಲ್ಲಿ ಬಿಳಿ ಬೂಷ್ಟು ಹಿಡಿದ ಎಳೆ ಅಡಿಕೆ ಉದುರಿ ಬಿದ್ದಿರುವುದನ್ನು ಕಾಣದ ಬೆಳೆಗಾರರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇರಲಾರರು. ಇದೇ ಕೊಳೆರೋಗ. ಹದ ತಪ್ಪಿದರೆ ವರ್ಷದ ಫಸಲೇ ನೆಲ ಸೇರುತ್ತದೆ. ಇದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಇಂದು ನಿಮ್ಮ ಮನೆಯ ಹುಡುಗರಿಗೂ ಗೊತ್ತು. ಆದರೆ ಅಡಿಕೆಗೆ ಈ ಮದ್ದನ್ನು ಪರೀಕ್ಷಿಸಿ ತೋರಿಸಿದ ಡಾ. ಲೆಸ್ಲಿ ಕೋಲ್ಮನ್ ಅವರ ಹೆಸರು ಮಂಡ್ಯದ ಕಡೆ ಕೇಳಿಬರುವಷ್ಟು ನಮ್ಮಲ್ಲಿ ಕೇಳಿಬರುವುದಿಲ್ಲ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಅಡಿಕೆ ಮರ ಬೆಳೆಯದ ಚಳಿನಾಡಿನಿಂದ ಬಂದವರಿಗೆ ಎದುರಾದದ್ದು ಮಲೆನಾಡಿನ ಅಡಿಕೆ ತೋಟಗಳ ಕೊಳೆ.

ಆ ಕಾಲದಲ್ಲಿ ಮಲೆನಾಡಿನ ಬೆಳೆಗಾರರಿಗೆ ಇದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು. ಮಳೆಗೆ ಮುಂಚೆ ಒಂದೊಂದು ಗೊನೆಗೂ ಕೊಟ್ಟೆ ಹೊದಿಸಬೇಕು. ಉಪಾಯವೇನೋ ಸರಿಯಾದದ್ದೇ, ಗೊನೆ ನೆನೆಯದಿದ್ದರೆ ಕೊಳೆ ಬರುವುದಿಲ್ಲ. ಆದರೆ ಮರ ಹತ್ತಿ ಗೊನೆಗೊನೆಗೂ ಕಟ್ಟುವ ಆಳುಗಳೆಲ್ಲಿ, ವರ್ಷವರ್ಷವೂ ಅಷ್ಟು ಕೊಟ್ಟೆಗಳೆಲ್ಲಿ? ತೋಟ ದೊಡ್ಡದಾದಷ್ಟೂ ಕಷ್ಟ ಹೆಚ್ಚು.

ಕೋಲ್ಮನ್ ರೋಗದ ಮೂಲ ಹುಡುಕಿದರು. ಫೈಟಾಫ್ತೋರ ಜಾತಿಯ ಶಿಲೀಂಧ್ರ ಅದಕ್ಕೆ ಕಾರಣವೆಂದು ವಿವರಿಸಿ, 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆಯೇ ಒಂದು ಪುಸ್ತಿಕೆ ಹೊರತಂದರು. ಈ ಶಿಲೀಂಧ್ರದ ಬೀಜಾಣುಗಳು ನೀರಿನ ತೆಳು ಪದರದಲ್ಲಿ ಈಜಬಲ್ಲವು. ಕಾಯಿಯ ಮೇಲೆ ಮಳೆನೀರು ನಿಂತರೆ ಸಾಕು, ಒಳಹೊಕ್ಕವೆಂದೇ ತಿಳಿಯಿರಿ. ಒಳಗೆ ಸೇರಿದ ಮೇಲೆ ಹೊರಗಿನಿಂದ ಹೊಡೆದ ಮದ್ದಿನಿಂದ ಆ ಕಾಯಿ ಉಳಿಯದು. ಆದ್ದರಿಂದ ಮದ್ದು ಮಳೆಗಿಂತ ಮುಂಚೆಯೇ ಗೊನೆಯ ಮೇಲಿರಬೇಕು.

ಆ ಮದ್ದು ಫ್ರಾನ್ಸಿನಿಂದ ಬಂದದ್ದು. ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಕಡಿಮೆ ಎಂದು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಕಳ್ಳರ ಭಯದಿಂದಲೂ ಒಂದು ಉಪಕಾರವಾಯಿತು ನೋಡಿ! ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆ ತೋಟಗಳಲ್ಲಿ ಹೊಡೆಸಿ ನೋಡಿದರು. ದ್ರಾಕ್ಷಿ ಬಳ್ಳಿ ಕೈಗೆಟುಕುವಂಥದ್ದು. ಅಡಿಕೆ ಗೊನೆ ಇರುವುದು ಆಕಾಶದಲ್ಲಿ. ಮೇಲಾಗಿ ತಿಂಗಳುಗಟ್ಟಲೆ ಮಳೆ. ಮದ್ದು ತೊಳೆದುಹೋಗದಂತೆ ರಾಳ, ಸೋಡದ ಅಂಟು ಸೇರಿಸುವ ಕ್ರಮವೂ ಬಳಕೆಗೆ ಬಂತು.

ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ರಾಗಿ ತಳಿಗಳ ಕೆಲಸ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, ಮಂಡ್ಯದ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ, ಎಲ್ಲದರಲ್ಲೂ ಅವರ ಕೈಯಿದೆ. ಅದೆಲ್ಲ ಬೇರೆಯೇ ಬರೆಯಬೇಕಾದ ಕಥೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು; 1954ರಲ್ಲಿ ತೀರಿಕೊಂಡರು.

ಕೋಲ್ಮನ್ ದುಡಿದದ್ದು ಮೈಸೂರು ಸಂಸ್ಥಾನಕ್ಕೆ. ನಮ್ಮ ಈ ಊರುಗಳು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಆದರೆ ಘಟ್ಟದ ಮೇಲಿನ ಕೊಳೆಯೂ ಕೆಳಗಿನ ಕೊಳೆಯೂ ಒಂದೇ. ಅವರು ತೀರಿಕೊಂಡ ಎರಡು ವರ್ಷಕ್ಕೆ, 1956ರಲ್ಲಿ, ಬಂಟ್ವಾಳ ತಾಲೂಕಿನ ವಿಟ್ಲದಲ್ಲಿಯೇ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಿಂದ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ.

ಈಗ ನಿಮ್ಮ ತೋಟದ ವಿಷಯಕ್ಕೆ ಬನ್ನಿ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಒಳ್ಳೆಯ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ, ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಬಿಡದಿದ್ದರೆ ಮಾತ್ರ ಮೂರನೆಯದು. ಹೆಚ್ಚು ಹೊಡೆದಷ್ಟೂ ಒಳ್ಳೆಯದೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ, ಅದು ಸರಿಯಲ್ಲ. ತಾಮ್ರ ಮಣ್ಣಿನಲ್ಲಿ ಕರಗಿಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಉದುರಿದ ಕಾಯಿ, ಕೊಳೆತ ಗೊನೆಗಳನ್ನು ತೋಟದಲ್ಲೇ ಬಿಟ್ಟು ಎಷ್ಟು ಹೊಡೆದರೂ ರೋಗದ ಬೀಜ ಅಲ್ಲೇ ಇರುತ್ತದೆ; ಆರಿಸಿ ಸುಟ್ಟುಬಿಡಿ. ಹಾಗೆಯೇ ಬಿಟ್ಟರೆ ರೋಗ ಗೊನೆಯಿಂದ ಸುಳಿಗೆ ಹರಡಿ ಮರವೇ ಹೋದೀತು.

ಮರ ಹತ್ತುವವರು ಸಿಗುತ್ತಿಲ್ಲವೆಂಬ ನಿಮ್ಮ ಮಾತು ನಿಜ. ಈಗ ನೆಲದಲ್ಲೇ ನಿಂತು ಹೊಡೆಯಬಲ್ಲ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ನಾಲ್ಕಾರು ಮನೆಯವರು ಸೇರಿ ಒಂದನ್ನು ಕೊಂಡರೆ, ಮೇ ತಿಂಗಳ ಕೊನೆಯಲ್ಲಿ ಆಳಿನ ದಾರಿ ಕಾಯುವುದು ತಪ್ಪುತ್ತದೆ.