ಕೋಶದ ಆಕಾರವನ್ನು ಓದಿದ ಡಾ. ಖಾನೋಲಕರರು

ದಾದರಿನಿಂದ ದಕ್ಷಿಣಕ್ಕೆ ಸುಮಾರು ಅರ್ಧ ಗಂಟೆ ನಡೆದರೆ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಸಿಗುತ್ತದೆ. ಊರಿನಿಂದ ಬಂದ ರೋಗಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. 1941ರಲ್ಲಿ ಆ ಆಸ್ಪತ್ರೆ ಆರಂಭವಾದಾಗ ಅದರ ಪ್ರಯೋಗಶಾಲೆಗಳ ಹೊಣೆ ಹೊತ್ತವರು ಡಾ. ವಸಂತ ರಾಮಜಿ ಖಾನೋಲಕರರು.

1895ನೆಯ ಇಸವಿ ಏಪ್ರಿಲ್ 13ರಂದು ಜನಿಸಿದ ಇವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ, 1923ರಲ್ಲಿ ರೋಗಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದು, ಮುಂಬಯಿಯ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಧ್ಯಾಪಕರಾದರು. ರೋಗಶಾಸ್ತ್ರಜ್ಞನ ಮುಖವನ್ನು ರೋಗಿಯು ಕಾಣುವುದು ಅಪರೂಪ. ಆದರೆ ಶಸ್ತ್ರವೈದ್ಯನು ಕತ್ತಿ ಎತ್ತುವುದೂ ಕೆಳಗಿಡುವುದೂ ಅವನ ಮಾತಿನ ಮೇಲೆಯೇ. ಗಂಟಿನಿಂದ ತೆಗೆದ ಚೂರನ್ನು ತೆಳ್ಳಗೆ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಿರೋಗಿ ಜೀವಕೋಶಗಳ ಕೇಂದ್ರಗಳು ಸಾಮಾನ್ಯವಾಗಿ ಒಂದೇ ಅಳತೆಯವು, ಅಂಚು ನಯವಾದವು. ಕ್ಯಾನ್ಸರಿನ ಕೋಶಗಳಲ್ಲಿ ಅವು ಉಬ್ಬಿ, ಅಂಚು ಸೊಟ್ಟಾಗಿ, ಒಂದರಂತೆ ಇನ್ನೊಂದಿರುವುದಿಲ್ಲ.

ಖಾನೋಲಕರರು ಅಷ್ಟಕ್ಕೇ ತೃಪ್ತರಾಗಲಿಲ್ಲ. ರೋಗದ ಕಾರಣವನ್ನು ಹುಡುಕಿದರು. 1944ರಲ್ಲಿ ಮುಂಬಯಿಯ 1000 ಬಾಯಿ ಕ್ಯಾನ್ಸರ್ ರೋಗಿಗಳ ವಿವರವನ್ನು ಪ್ರಕಟಿಸಿದರು. 1952ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದ ನಿರ್ದೇಶಕರಾದರು. 1955ರಲ್ಲಿ ಸಂಘವಿ ಮೊದಲಾದ ಸಹೋದ್ಯೋಗಿಗಳೊಡನೆ, ಹೊಗೆಸೊಪ್ಪು ಜಗಿಯುವುದಕ್ಕೂ ಸೇದುವುದಕ್ಕೂ ಬಾಯಿ ಗಂಟಲುಗಳ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದರು. 1978ರಲ್ಲಿ ಕಾಲವಾದರು.

ಕಣ್ಣಿನ ಈ ಕೆಲಸಕ್ಕೆ ಮುಂದೆ ಗಣಿತವೂ ನೆರವಾಯಿತು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ವಿಸ್ತೀರ್ಣದಿಂದ ಭಾಗಿಸಿದರೆ, ವೃತ್ತ ಎಷ್ಟೇ ದೊಡ್ಡದಿರಲಿ, ಸುಮಾರು 12.57 ಬರುತ್ತದೆ, ಚೌಕಕ್ಕೆ 16. ದುಂಡಗೆ ಹೊಯ್ದ ದೋಸೆಗಿಂತ ಅಂಚು ಹರಕಾದ ದೋಸೆಗೆ ಈ ಸಂಖ್ಯೆ ಹೆಚ್ಚು. ಕೋಶಕೇಂದ್ರಕ್ಕೂ ಲೆಕ್ಕ ಅದೇ. 1990ರ ದಶಕದಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ವಾಂಸರು 569 ಸ್ತನದ ಗಂಟುಗಳ ಕೋಶಕೇಂದ್ರಗಳನ್ನು ಗಣಕಯಂತ್ರದ ಸಹಾಯದಿಂದ ಇಂತಹ ಹಲವು ಬಗೆಯಲ್ಲಿ ಅಳೆದು, ಕ್ಯಾನ್ಸರನ್ನು ಬೇರ್ಪಡಿಸುವ ಮಾರ್ಗವನ್ನು ತೋರಿಸಿದರು. ಆದರೂ ಒಂದೇ ಸಂಖ್ಯೆಯಿಂದ ತೀರ್ಪು ಹೇಳಲಾಗದು. ತಜ್ಞನ ಕಣ್ಣು ಬೇಕೇ ಬೇಕು.

ಕಣ್ಣಾಗಲಿ, ಗಣಿತವಾಗಲಿ ತನ್ನ ಕೆಲಸ ಮಾಡಬೇಕಾದರೆ ರೋಗಿಯು ಮೊದಲು ಆಸ್ಪತ್ರೆಯ ಬಾಗಿಲಿಗೆ ಬರಬೇಕು. ನಿದ್ದೆ ತಡೆಯಲೆಂದು ಕೆನ್ನೆಯೊಳಗೆ ಹೊಗೆಸೊಪ್ಪು ಇಟ್ಟುಕೊಂಡೇ ರಾತ್ರಿ ಪಾತ್ರೆ ತೊಳೆಯುತ್ತಿದ್ದ ಹುಡುಗರನ್ನು ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ದಿನಗಳಲ್ಲಿ ಕಂಡಿದ್ದೇವೆ. ಗದರಿಸಿ ಬಿಡಿಸದೆ ಹೋದುದಕ್ಕೆ ಈಗ ವ್ಯಥೆಪಡುತ್ತೇವೆ. ಬಾಯಿಯ ಹುಣ್ಣು ಎರಡು ವಾರಗಳಲ್ಲಿ ಮಾಯದಿದ್ದರೆ, ರಜೆ ಸಿಗಲೆಂದು ಕಾಯದೆ ವೈದ್ಯರಿಗೆ ತೋರಿಸಿರಿ.