ಲಕ್ಷ್ಮಣರಾವ್ ಕಿರ್ಲೋಸ್ಕರ ಮತ್ತು ನಮ್ಮ ದಂಟಿನ ಸೇತುವೆ

ನಾನು ಈ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬೆಣ್ಣಿಹಳ್ಳದ ಸೇತುವೆಯ ಮಾದರಿ ಮಾಡುವ ಕೆಲಸ ನಮ್ಮ ಗುಂಪಿಗೆ ಬಂದಿತ್ತು. ಸಾಮಗ್ರಿ ಎಂದರೆ ಜೋಳದ ದಂಟು ಮತ್ತು ದಾರ. ಅದು ಐದು ಇಟ್ಟಿಗೆ ಹೊರಬೇಕಿತ್ತು. ಎರಡನೆಯ ಇಟ್ಟಿಗೆಗೇ ಮುರಿಯಿತು. ಇನ್ನಷ್ಟು ದಂಟು ಸೇರಿಸಿ ಬಿಗಿದೆವು, ಮತ್ತೆ ಮುರಿಯಿತು. ಮೂರನೆಯ ಸಲ ಮುರಿದಾಗ ನಾನು ಸಿಟ್ಟಿನಿಂದ ಎದ್ದು ಹೊರಟೆ. ಮನೆಯಲ್ಲೂ ಕಷ್ಟವಿತ್ತು. ಶಾಲೆ ಬಿಟ್ಟು ಅಪ್ಪನ ಕುಲುಮೆಯಲ್ಲಿ ಕುಳಿತರಾಯಿತು ಎಂಬ ವಿಚಾರ ಆಗಲೇ ತಲೆಯಲ್ಲಿತ್ತು.

ನಮ್ಮ ಗುರುಗಳು ಬೈಯಲಿಲ್ಲ. ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆ ಹೇಳಿದರು.

ಅವರು ದೂರದವರಲ್ಲ. 1869ರಲ್ಲಿ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದರು. ಆದರೆ ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿ ಬಡ್ತಿ ತಪ್ಪಿದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದು, ಅಣ್ಣನೊಂದಿಗೆ ಸೈಕಲ್ ಅಂಗಡಿಯ ವ್ಯಾಪಾರ ನಡೆಸಿದರು. ಮುಂದೆ ಕಣಿಕೆ ಕತ್ತರಿಸುವ ಯಂತ್ರ ತಯಾರಿಸಿದರು. ಆಮೇಲೆ ಕಬ್ಬಿಣದ ರಂಟೆಗೆ ಕೈ ಹಾಕಿದರು.

ರಂಟೆಯೇನೋ ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಹೆದರಿದ್ದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅಷ್ಟರ ಮೇಲೆ ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನೇ ತೆರವು ಮಾಡಬೇಕಾಯಿತು. ಆಗ ಔಂಧ ಸಂಸ್ಥಾನದ ಅರಸರು ಸಾಲವನ್ನೂ 32 ಎಕರೆ ಜಮೀನನ್ನೂ ಕೊಟ್ಟರು. ಕಳ್ಳಿ ಬೆಳೆದು ಹಾವು ತುಂಬಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗದಾದಾಗ, ಕೊಲ್ಹಾಪುರದ ಶಾಹೂ ಮಹಾರಾಜರು ಕೊಟ್ಟ ಹಳೆಯ ತೋಪುಗಳು ಕರಗಿ ರಂಟೆಗಳಾದವು. 1941ರಲ್ಲಿ ನಮ್ಮ ಹರಿಹರದಲ್ಲೂ ಕಿರ್ಲೋಸ್ಕರ ಕಾರ್ಖಾನೆ ಆರಂಭವಾಯಿತು. 1956ರಲ್ಲಿ ಲಕ್ಷ್ಮಣರಾಯರು ತೀರಿಕೊಂಡರು.

ಕಥೆ ಮುಗಿಸಿ ಗುರುಗಳು ಸುಮ್ಮನೆ ಎದ್ದು ಹೋದರು. ನನಗೆ ಒಂದು ಮಾತು ನಾಟಿತು. ಆ ಮನುಷ್ಯ ಹಟ ಬಿಡಲಿಲ್ಲ, ಆದರೆ ಒಂದೇ ದಾರಿಗೆ ಹಟ ಹಿಡಿಯಲಿಲ್ಲ. ನಾವು ಮೂರು ಸಲ ಮಾಡಿದ್ದು ಒಂದೇ ಸೇತುವೆ, ದಾರ ಮಾತ್ರ ಹೆಚ್ಚು.

ಅಂದು ಸಂಜೆ ಕುಲುಮೆಯಲ್ಲಿ ಕುಳಿತು ಮೇಲೆ ನೋಡಿದೆ. ಚಾವಣಿಯ ಅಡ್ಡತೊಲೆಗೆ ಎರಡೂ ಬದಿಯಿಂದ ಓರೆಯಾಗಿ ಆಸರೆ ಕೊಟ್ಟಿದ್ದರು. ಅಪ್ಪನನ್ನು ಕೇಳಿದೆ. ಅವರು ಮೂರು ಕಡ್ಡಿ ಜೋಡಿಸಿ ತ್ರಿಕೋನ ಮಾಡಿ ಕೈಗೆ ಕೊಟ್ಟು, ಒತ್ತಿ ನೋಡಲು ಹೇಳಿದರು. ಅದು ಅಲುಗಲಿಲ್ಲ. ನಾಲ್ಕು ಕಡ್ಡಿಯ ಚೌಕ ಮಾತ್ರ ಒತ್ತಿದೊಡನೆ ವಾಲಿತು. ಮರುದಿನ ದಂಟುಗಳನ್ನು ತ್ರಿಕೋನಗಳಾಗಿ ಕಟ್ಟಿದೆವು. ಐದು ಇಟ್ಟಿಗೆ ನಿಂತವು. ಬಹುಮಾನ ಬರಲಿಲ್ಲ, ನಾನು ಶಾಲೆ ಬಿಡಲೂ ಇಲ್ಲ.

ಇಂದು ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕೆಲಸ ಕಲಿಯಲು ಬಂದ ಹುಡುಗರ ಕೈಯಲ್ಲಿ ಏನಾದರೂ ಮುರಿದರೆ ನಾನು ಬೈಯುವುದಿಲ್ಲ. ಎಲ್ಲಿ ಮುರಿಯಿತು ತೋರಿಸು ಎನ್ನುತ್ತೇನೆ. ಆ ಬೇವಿನ ಗಿಡ ಇನ್ನೂ ಶಾಲೆಯ ಅಂಗಳದಲ್ಲಿದೆ.